ಎದೆಗೆ ಕಟ್ಟಿಕೊಂಡ ಜೀವಕ್ಕೆ ಯಾರು ಹೊಣೆ?



ವಿಮಾನದಿಂದ ಕೆಳಗೆ ಹಾರುವುದು ದೇವರನ್ನು ಪರೀಕ್ಷಿಸಿದ ಹಾಗಾಗುವುದಿಲ್ಲವೇ? ನಮ್ಮ ಯುವಜನರ ನಡುವೆ ಈ ಪ್ರಶ್ನೆ ಎದ್ದದ್ದು ಮೊಬೈಲಿನ ಒಂದು ವೀಡಿಯೊದಿಂದ. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಗಲ್ಫಿನಲ್ಲಿ ಒಬ್ಬರೂ ಇಲ್ಲದ ಕುಟುಂಬ ಸಿಗುವುದು ಕಷ್ಟ. ದುಬೈಯಲ್ಲಿ ಕೆಲಸಕ್ಕಿರುವ ಅಣ್ಣನೋ ಭಾವನೋ ಪಾಮ್ ದ್ವೀಪದ ಮೇಲಿನಿಂದ ಹಾರಿ, ಗಾಳಿಯ ಹೊಡೆತಕ್ಕೆ ಕೆನ್ನೆ ಅದುರುವ ವೀಡಿಯೊ ಮನೆಗೆ ಕಳುಹಿಸುತ್ತಾನೆ. ಅದನ್ನು ನೋಡಿದ ಹುಡುಗರಿಗೆ ತಾವೂ ಹಾರಬೇಕೆಂಬ ಆಸೆ. ಅದನ್ನೇ ನೋಡಿದ ಅಮ್ಮಂದಿರಿಗೆ ಕೈಕಾಲು ತಣ್ಣಗಾಗುತ್ತದೆ. “ಆ ಕೊಡೆ ಬಿಚ್ಚದೇ ಹೋದರೆ?” ಎಂಬುದೇ ಅವರ ಮೊದಲ ಮಾತು.

ಇಬ್ಬರ ಮಾತನ್ನೂ ತಳ್ಳಿಹಾಕುವಂತಿಲ್ಲ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದ ನನಗೆ ಅಮ್ಮಂದಿರ ಪ್ರಶ್ನೆಯೇ ಹೆಚ್ಚು ಹಿಡಿಸಿತು. ಕೊಡೆ ಬಿಚ್ಚದಿದ್ದರೆ ಏನು ಮಾಡುತ್ತಾರೆ ಎಂಬುದನ್ನು ಓದುತ್ತಾ ಹೋದಂತೆ, ಇದು ಯಂತ್ರದ ಪ್ರಶ್ನೆ ಮಾತ್ರವಲ್ಲ, ಮನಸ್ಸಾಕ್ಷಿಯ ಪ್ರಶ್ನೆಯೂ ಹೌದು ಎನ್ನಿಸಿತು. ಒಬ್ಬರ ಜೀವವನ್ನು ಇನ್ನೊಬ್ಬರು ಎದೆಗೆ ಕಟ್ಟಿಕೊಂಡಾಗ, ಕಟ್ಟಿಕೊಂಡವರ ಕರ್ತವ್ಯವೇನು? ಕಟ್ಟಿಸಿಕೊಂಡವರ ಕರ್ತವ್ಯವೇನು? ಈ ಬರಹದ ವಿಷಯ ಅದು.

ಮೊದಲು ವಿಷಯ ತಿಳಿಯೋಣ

ಪ್ಯಾರಾಚೂಟಿನ ಇತಿಹಾಸದಲ್ಲಿ ನಮ್ಮ ಧರ್ಮಸಭೆಯ ಒಬ್ಬ ಬಿಷಪರೂ ಇದ್ದಾರೆ ಎಂಬುದು ಅನೇಕರಿಗೆ ಗೊತ್ತಿಲ್ಲ. ಕ್ರೊಯೇಷಿಯಾದ ಶಿಬೆನಿಕ್ ಪಟ್ಟಣದಲ್ಲಿ 1551ರಲ್ಲಿ ಹುಟ್ಟಿದ ಫೌಸ್ಟ್ ವ್ರಾಂಚಿಚ್ ಅವರು ಹಂಗೇರಿಯ ಚನಾದ್ ಎಂಬ ಧರ್ಮಪ್ರಾಂತ್ಯದ ಬಿಷಪರಾಗಿದ್ದರು. ಯಂತ್ರಗಳ ಬಗ್ಗೆ ಅವರು ಹೊರತಂದ ಪುಸ್ತಕದಲ್ಲಿ ಒಂದು ಚಿತ್ರವಿದೆ. ಚೌಕಾಕಾರದ ಬಟ್ಟೆಯ ನಾಲ್ಕು ಮೂಲೆಗೆ ಹಗ್ಗ ಕಟ್ಟಿಕೊಂಡು ಒಬ್ಬ ಮನುಷ್ಯ ಗೋಪುರದಿಂದ ಇಳಿಯುತ್ತಿದ್ದಾನೆ. ಅದಾಗಿ ಬಹುಕಾಲದ ನಂತರ, 1797ರ ಅಕ್ಟೋಬರಿನಲ್ಲಿ, ಪ್ಯಾರಿಸಿನಲ್ಲಿ ಗಾರ್ನೆರಿನ್ ಎಂಬಾತ ಬಲೂನಿನಿಂದ ಪ್ಯಾರಾಚೂಟ್ ಹಿಡಿದು ಇಳಿದು ತೋರಿಸಿದ.

ಇಬ್ಬರು ಒಟ್ಟಿಗೆ ಹಾರುವ ‘ಟ್ಯಾಂಡೆಮ್’ ಪದ್ಧತಿ ಬಂದದ್ದು ತೀರಾ ಇತ್ತೀಚೆಗೆ, 1980ರ ದಶಕದಲ್ಲಿ. ಏನೂ ತರಬೇತಿ ಇಲ್ಲದ ಒಬ್ಬ ಪ್ರಯಾಣಿಕನನ್ನು ಅನುಭವಿ ಬೋಧಕನ ಎದೆಯ ಭಾಗಕ್ಕೆ ಗಟ್ಟಿ ಪಟ್ಟಿಗಳಿಂದ ಸಿಕ್ಕಿಸುತ್ತಾರೆ. ಪ್ಯಾರಾಚೂಟ್ ಇರುವುದು ಬೋಧಕನ ಬೆನ್ನಿಗೆ ಮಾತ್ರ. ಸಾಮಾನ್ಯವಾಗಿ 10,000ದಿಂದ 13,000 ಅಡಿ ಎತ್ತರದಿಂದ ಹಾರುತ್ತಾರೆ. ಒಬ್ಬ ಮನುಷ್ಯ ಹೊಟ್ಟೆ ಕೆಳಗೆ ಮಾಡಿ ಬೀಳುವಾಗ ಅವನ ವೇಗ ಗಂಟೆಗೆ ಸುಮಾರು 200 ಕಿಲೋಮೀಟರಿಗೆ ನಿಲ್ಲುತ್ತದೆ. ಇಬ್ಬರು ಒಂದರ ಮೇಲೊಂದು ಇದ್ದರೆ ತೂಕ ಇಮ್ಮಡಿ, ಗಾಳಿಗೆ ಅಡ್ಡ ನಿಲ್ಲುವ ಮೈ ಹೆಚ್ಚು ಕಡಿಮೆ ಅಷ್ಟೇ. ಆದ್ದರಿಂದ ವೇಗ 280ರ ಆಸುಪಾಸಿಗೆ ಏರುತ್ತದೆ. ಅಷ್ಟು ವೇಗದಲ್ಲಿ ದೊಡ್ಡ ಕೊಡೆ ಬಿಚ್ಚಿದರೆ ಬಟ್ಟೆಗೂ ಮೈಗೂ ಪೆಟ್ಟು. ಅದಕ್ಕಾಗಿ ಹಾರಿದ ಸ್ವಲ್ಪದರಲ್ಲೇ ಬೋಧಕ ‘ಡ್ರೋಗ್’ ಎಂಬ ಪುಟ್ಟ ಕೊಡೆಯೊಂದನ್ನು ಗಾಳಿಗೆ ಬಿಡುತ್ತಾನೆ. ಅದು ಹಿಂದಿನಿಂದ ಎಳೆದು ವೇಗವನ್ನು ಮತ್ತೆ 200ಕ್ಕೆ ಇಳಿಸುತ್ತದೆ. ಸುಮಾರು 5,000 ಅಡಿಗೆ ಬಂದಾಗ ಮುಖ್ಯ ಕೊಡೆ ಬಿಚ್ಚುತ್ತಾನೆ.

ಇನ್ನು ಅಮ್ಮಂದಿರ ಪ್ರಶ್ನೆ. ಕೊಡೆ ಸರಿಯಾಗಿ ಬಿಚ್ಚದಿರುವುದು ಉಂಟು. ಹಗ್ಗಗಳು ಹುರಿಗೊಳ್ಳಬಹುದು. ಒಂದು ಹಗ್ಗ ತುಂಡಾಗಬಹುದು. ಕೊಡೆ ಚೀಲದಿಂದ ಹೊರಗೇ ಬರದಿರಬಹುದು. ಅರ್ಧ ಉಬ್ಬಿ ಒಂದೇ ಕಡೆಗೆ ಗಿರಗಿರನೆ ತಿರುಗಬಹುದು. ಆಗ ಬೋಧಕ ನೋಡುವುದು ಮೂರನ್ನು: ಕೊಡೆ ಪೂರ್ತಿ ಬಿಚ್ಚಿದೆಯೇ, ಅದರ ಆಕಾರ ನೆಟ್ಟಗಿದೆಯೇ, ಬೇಕಾದ ಕಡೆಗೆ ತಿರುಗಿಸಿ ಇಳಿಸಲು ಆಗುತ್ತದೆಯೇ. ಮೂರಕ್ಕೂ ಹೌದು ಎಂಬ ಉತ್ತರ ಸಿಗಬೇಕು. ಹುರಿಗೊಂಡ ಹಗ್ಗದಂಥ ಕೆಲವು ತೊಂದರೆಗಳನ್ನು ಕಾಲು ಝಾಡಿಸಿ ಬಿಡಿಸಬಹುದು. ಆಗದಿದ್ದರೆ, ಮೊದಲೇ ಗೊತ್ತುಮಾಡಿದ ಎತ್ತರ ಬರುವ ಮೊದಲು, ಒಂದು ಹಿಡಿ ಎಳೆದು ಆ ಮುಖ್ಯ ಕೊಡೆಯನ್ನು ಪೂರ್ತಿ ಕಳಚಿಬಿಡಬೇಕು. ಆಮೇಲೆ ಇನ್ನೊಂದು ಹಿಡಿ ಎಳೆದು ಮೀಸಲು ಕೊಡೆಯನ್ನು ಬಿಚ್ಚಬೇಕು. ಕೆಟ್ಟ ಕೊಡೆಯನ್ನು ಉಳಿಸಿಕೊಂಡು ಮೀಸಲು ಬಿಚ್ಚಿದರೆ ಎರಡೂ ಒಂದಕ್ಕೊಂದು ಸುತ್ತಿಕೊಳ್ಳುವ ಭಯ.

ಇಬ್ಬರ ತೂಕ ಹೊತ್ತ ಹಗ್ಗವನ್ನು ಒಂದು ಕೈಯಿಂದ ಕಳಚುವುದು ಹೇಗೆ? 1970ರ ದಶಕದಲ್ಲಿ ಅಮೆರಿಕದ ಬಿಲ್ ಬೂತ್ ಮೂರು ಉಂಗುರಗಳ ಒಂದು ಜೋಡಣೆ ಕಂಡುಹಿಡಿದರು. ದೊಡ್ಡ ಉಂಗುರದೊಳಗೆ ಸಣ್ಣದು, ಅದರೊಳಗೆ ಇನ್ನೂ ಸಣ್ಣದು. ಒಂದೊಂದು ಉಂಗುರವೂ ಸನ್ನೆಗೋಲಿನಂತೆ ಭಾರವನ್ನು ತಗ್ಗಿಸುತ್ತದೆ. ಕೊನೆಗೆ ಅಷ್ಟೂ ಭಾರವನ್ನು ಹಿಡಿದಿರುವುದು ಒಂದು ಸಣ್ಣ ದಾರದ ಕುಣಿಕೆ. ಬೋಧಕನಿಗೆ ಪ್ರಜ್ಞೆಯೇ ತಪ್ಪಿದರೆ? ಅದಕ್ಕೂ ಒಂದು ಉಪಕರಣವಿದೆ. ಎತ್ತರವನ್ನೂ ವೇಗವನ್ನೂ ತಾನೇ ಅಳೆಯುತ್ತಾ, ನೆಲ ಹತ್ತಿರವಾದರೂ ವೇಗ ಇಳಿಯದಿದ್ದರೆ ಮೀಸಲು ಕೊಡೆಯನ್ನು ತಾನಾಗಿ ಬಿಚ್ಚುವ ಪುಟ್ಟ ಪೆಟ್ಟಿಗೆ. ಅಮೆರಿಕದ ನಿಯಮದ ಪ್ರಕಾರ ಟ್ಯಾಂಡೆಮ್ ಹಾರಾಟಕ್ಕೆ ಅದು ಕಡ್ಡಾಯ. ಬೋಧಕನಿಗೆ ಕನಿಷ್ಠ 3 ವರ್ಷದ ಅನುಭವ, 500 ಹಾರಾಟ ಇರಬೇಕು. ಮೀಸಲು ಕೊಡೆಯನ್ನು ಬಳಸದೇ ಇದ್ದರೂ 180 ದಿನಕ್ಕೊಮ್ಮೆ ಪರವಾನಗಿ ಇರುವವರೇ ಬಿಚ್ಚಿ, ಪರೀಕ್ಷಿಸಿ, ಮತ್ತೆ ಮಡಚಬೇಕು.

ಇಷ್ಟೆಲ್ಲ ಎಚ್ಚರಿಕೆಯ ಫಲ ಕಾಣುತ್ತದೆ. ಅಮೆರಿಕದ ಪ್ಯಾರಾಚೂಟ್ ಸಂಘದ ಲೆಕ್ಕದಂತೆ 2023ರಲ್ಲಿ ಅಲ್ಲಿ ಎಲ್ಲ ಬಗೆಯ ಹಾರಾಟ ಸೇರಿ ಸುಮಾರು 36.5 ಲಕ್ಷ ಬಾರಿ ಹಾರಿದ್ದಾರೆ. ಸತ್ತವರು 10 ಮಂದಿ. ಅಂದರೆ 3,65,000 ಹಾರಾಟಕ್ಕೆ ಒಂದು ಸಾವು.

ದೇವಾಲಯದ ಶಿಖರದ ಮೇಲೆ

ಈಗ ಮೊದಲ ಪ್ರಶ್ನೆಗೆ ಬರೋಣ. ಸಂತ ಮತ್ತಾಯರ ಶುಭಸಂದೇಶದ ನಾಲ್ಕನೆಯ ಅಧ್ಯಾಯವನ್ನು ತಪಸ್ಸುಕಾಲದ ಮೊದಲ ಭಾನುವಾರ ನಾವು ಕೇಳುತ್ತೇವೆ. ಸೈತಾನ ಯೇಸುಸ್ವಾಮಿಯನ್ನು ದೇವಾಲಯದ ಶಿಖರದ ಮೇಲೆ ನಿಲ್ಲಿಸಿ, ಕೆಳಗೆ ಧುಮುಕು, ದೇವದೂತರು ನಿನ್ನನ್ನು ಹಿಡಿದುಕೊಳ್ಳುತ್ತಾರೆ ಎನ್ನುತ್ತಾನೆ. ಹೇಳಿದ್ದಕ್ಕೆ ಕೀರ್ತನೆಯ ಆಧಾರವನ್ನೂ ಕೊಡುತ್ತಾನೆ. ಯೇಸು ಧುಮುಕುವುದಿಲ್ಲ. ದೇವರನ್ನು ಪರೀಕ್ಷಿಸಬಾರದು ಎಂದು ಅವನ ಬಾಯಿ ಮುಚ್ಚಿಸುತ್ತಾರೆ.

ಇದನ್ನು ಹಿಡಿದು ಕೆಲವರು, ಹಾರುವವರೆಲ್ಲ ದೇವರನ್ನು ಪರೀಕ್ಷಿಸುತ್ತಾರೆ ಎನ್ನುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಸೈತಾನನ ಮಾತಿನಲ್ಲಿರುವ ಪಾಪ ಎತ್ತರದಲ್ಲಿಲ್ಲ. ನೀನು ಮಾಡಬೇಕಾದದ್ದನ್ನು ಮಾಡಬೇಡ, ದೇವರೇ ಮಾಡಲಿ ಎನ್ನುವುದರಲ್ಲಿದೆ. ಹಾಗೆ ನೋಡಿದರೆ ಎರಡು ಕೊಡೆ ಕಟ್ಟಿಕೊಂಡು, ಮೂರು ಉಂಗುರ ಪರೀಕ್ಷಿಸಿ ಹಾರುವವನಿಗಿಂತ, ಹೆಲ್ಮೆಟ್ ಮನೆಯಲ್ಲಿಟ್ಟು ಬೈಕಿನ ಮುಂದೆ ಸಂತ ಕ್ರಿಸ್ಟೋಫರರ ಚಿತ್ರ ಅಂಟಿಸಿ ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಹೋಗುವವನೇ ಆ ಶಿಖರಕ್ಕೆ ಹೆಚ್ಚು ಹತ್ತಿರ.

1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶದ 2290ನೆಯ ಪರಿಚ್ಛೇದ ಈ ಬಗ್ಗೆ ಸ್ಪಷ್ಟವಾಗಿದೆ. ಕುಡಿತದಿಂದಾಗಲಿ ವೇಗದ ಹುಚ್ಚಿನಿಂದಾಗಲಿ ತಮ್ಮ ಮತ್ತು ಇತರರ ಸುರಕ್ಷೆಗೆ ಅಪಾಯ ತರುವವರು ದೊಡ್ಡ ದೋಷಕ್ಕೆ ಗುರಿಯಾಗುತ್ತಾರೆ ಎಂದು ಅದು ಕಲಿಸುತ್ತದೆ. ಅಲ್ಲಿ ರಸ್ತೆಯನ್ನು ಮಾತ್ರ ಹೇಳಿಲ್ಲ, ಸಮುದ್ರವನ್ನೂ ಆಕಾಶವನ್ನೂ ಹೆಸರಿಸಿದೆ. ಹಾಗೆಂದು ಸಂತೋಷಕ್ಕಾಗಿ ಆಕಾಶಕ್ಕೆ ಏರುವುದನ್ನು ಅದು ಬೇಡ ಎನ್ನುವುದಿಲ್ಲ. ದೇವರು ಮಾಡಿದ ಜಗತ್ತನ್ನು ಮೇಲಿನಿಂದ ನೋಡಿ ಬೆರಗಾಗುವುದು ತಪ್ಪಲ್ಲ. ಆ ಬೆರಗಿಗಾಗಿ ಯಾರ ಜೀವವನ್ನು ಎಷ್ಟು ಪಣಕ್ಕಿಟ್ಟಿದ್ದೇವೆ, ಅದನ್ನು ಕಾಯಲು ಏನು ಮಾಡಿದ್ದೇವೆ ಎಂಬುದೇ ಪ್ರಶ್ನೆ.

ಸಂತ ಥಾಮಸ್ ಅಕ್ವಿನಾಸರು ವಿವೇಕ ಎಂಬ ಸದ್ಗುಣವನ್ನು ಬಿಡಿಸಿ ಹೇಳುವಾಗ ಅದಕ್ಕೆ ಹಲವು ಅಂಗಗಳನ್ನು ಎಣಿಸುತ್ತಾರೆ. ಹಿಂದಿನದನ್ನು ನೆನಪಿಡುವುದು, ಬಲ್ಲವರಿಂದ ಕಲಿಯುವ ವಿನಯ, ಮುಂದಾಲೋಚನೆ, ಸುತ್ತಲಿನ ಸ್ಥಿತಿ ನೋಡುವುದು, ಎಚ್ಚರ ಎಲ್ಲವೂ ಅದರಲ್ಲಿವೆ. ಮೀಸಲು ಕೊಡೆ ಎಂದರೆ ಬಟ್ಟೆಯಲ್ಲಿ ಹೊಲಿದ ಮುಂದಾಲೋಚನೆ. ಅದನ್ನು ಇಟ್ಟುಕೊಂಡವರಿಗೆ ವಿಶ್ವಾಸ ಕಡಿಮೆ ಎನ್ನಲಾಗದು. ಮುಂದಾಲೋಚಿಸುವ ಬುದ್ಧಿಯನ್ನು ಕೊಟ್ಟವನೂ ದೇವರೇ.

ನೆಲದ ಮೇಲೆ ಮಾಡುವ ನಿರ್ಧಾರ

ಗಂಟೆಗೆ 200 ಕಿಲೋಮೀಟರ್ ಎಂದರೆ ಸೆಕೆಂಡಿಗೆ 55 ಮೀಟರು. ಸಾವಿರ ಅಡಿ ಕಳೆಯಲು ಐದೂವರೆ ಸೆಕೆಂಡು ಸಾಕು. 5,000 ಅಡಿಯಲ್ಲಿ ಕೊಡೆ ಬಾರದೇ ಹೋದರೆ ನೆಲಕ್ಕೆ ಉಳಿದಿರುವುದು ಅರ್ಧ ನಿಮಿಷಕ್ಕೂ ಕಡಿಮೆ. ಅಷ್ಟರಲ್ಲಿ ಯಾರೂ ಕುಳಿತು ಯೋಚಿಸಲಾರರು. ಆದ್ದರಿಂದ ಯಾವ ಎತ್ತರದಲ್ಲಿ ಏನು ಮಾಡಬೇಕೆಂಬುದನ್ನು ನೆಲದ ಮೇಲೆಯೇ ತೀರ್ಮಾನಿಸಿರುತ್ತಾರೆ. ಒಬ್ಬನೇ ಹಾರುವ ವಿದ್ಯಾರ್ಥಿಗೆ ಅಮೆರಿಕದ ಸಂಘ ಹೇಳುವ ನಿರ್ಧಾರದ ಎತ್ತರ 2,500 ಅಡಿ. ಅಷ್ಟರೊಳಗೆ ಕೊಡೆ ಸರಿಯಾಗದಿದ್ದರೆ ಮತ್ತೆ ಪ್ರಯತ್ನವಿಲ್ಲ, ಕಳಚಿಬಿಡಬೇಕು. ಇಬ್ಬರಿರುವಾಗ ಈ ಗೆರೆ ಇನ್ನೂ ಮೇಲಿರುತ್ತದೆ. ಕೆಟ್ಟ ಕೊಡೆಯ ಜೊತೆ ಗುದ್ದಾಡುತ್ತಾ, ಇನ್ನೊಮ್ಮೆ ನೋಡೋಣ ಎನ್ನುತ್ತಾ ಎತ್ತರ ಕಳೆದುಕೊಂಡವರು ಈ ಕ್ರೀಡೆಯಲ್ಲಿ ಅನೇಕರಿದ್ದಾರೆ. ನೆಲ ತೀರಾ ಹತ್ತಿರವಾದ ಮೇಲೆ ಕಳಚುವುದೇ ಅಪಾಯ, ಏಕೆಂದರೆ ಮೀಸಲು ಬಿಚ್ಚಿಕೊಳ್ಳಲು ಜಾಗ ಉಳಿದಿರುವುದಿಲ್ಲ. ಮೇಲೆ ಸರಿಯಾಗಿದ್ದ ಕೆಲಸವೇ ಕೆಳಗೆ ತಪ್ಪಾಗುತ್ತದೆ.

ಇದನ್ನು ಓದುವಾಗ ನನಗೆ ನೆನಪಾದದ್ದು ಲೊಯೋಲಾದ ಸಂತ ಇಗ್ನೇಷಿಯಸರು. 1878ರ ಕೊನೆಯಲ್ಲಿ ಮಂಗಳೂರಿಗೆ ಬಂದ ಯೇಸುಸಭೆಯವರಿಂದ ನಮ್ಮ ಭಾಗದ ಎಷ್ಟೋ ಮನೆಗಳಿಗೆ ಅವರ ಹೆಸರು ಪರಿಚಿತ. ತಮ್ಮ ‘ಆಧ್ಯಾತ್ಮಿಕ ಸಾಧನೆಗಳು’ ಕೃತಿಯಲ್ಲಿ ಅವರೊಂದು ನಿಯಮ ಕೊಡುತ್ತಾರೆ: ಮನಸ್ಸು ಕತ್ತಲಲ್ಲಿ ಮುಳುಗಿದಾಗ ಹೊಸ ನಿರ್ಧಾರ ಮಾಡಬೇಡ, ಬೆಳಕಿದ್ದಾಗ ಮಾಡಿದ ನಿರ್ಧಾರದಲ್ಲಿ ಗಟ್ಟಿಯಾಗಿ ನಿಲ್ಲು. ಭಯದಲ್ಲಿರುವ ಮನಸ್ಸು ತನಗೆ ಬೇಕಾದ್ದನ್ನೇ ಸತ್ಯವೆಂದು ತೋರಿಸುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಹಾರುವವರೂ ಅದನ್ನೇ ಮಾಡುತ್ತಾರೆ.

ನಮ್ಮ ಹುಡುಗ ಹುಡುಗಿಯರಿಗೆ ಇದರಲ್ಲಿ ಕೆಲಸಕ್ಕೆ ಬರುವ ಪಾಠವಿದೆ. ಮೊಬೈಲಿನ ಸಾಲದ ಆ್ಯಪುಗಳಿಂದ ಎಷ್ಟು ಸಾಲವಾದಾಗ ಮನೆಯಲ್ಲಿ ಹೇಳಬೇಕು? ಕುಡಿದ ಗೆಳೆಯ ಗಾಡಿ ತೆಗೆದರೆ ಹಿಂದೆ ಕೂರಬೇಕೇ? ವಿದೇಶದ ಕೆಲಸಕ್ಕೆಂದು ಏಜೆಂಟ್ ಮತ್ತೆ ಮತ್ತೆ ಹಣ ಕೇಳಿದರೆ ಎಲ್ಲಿಗೆ ನಿಲ್ಲಿಸಬೇಕು? ಇವನ್ನು ಆ ರಾತ್ರಿ, ಆ ಒತ್ತಡದಲ್ಲಿ ಯೋಚಿಸಲು ಹೊರಟರೆ ಎತ್ತರ ಕಳೆದುಹೋಗಿರುತ್ತದೆ. ಮನಸ್ಸು ತಣ್ಣಗಿರುವಾಗಲೇ ಗೆರೆ ಎಳೆದಿಡಬೇಕು.

ಬಿಡಬೇಕಾದದ್ದು ಯಾವುದು, ಬಿಡಬಾರದದ್ದು ಯಾವುದು

ಪೂರ್ತಿ ಬಿಚ್ಚದ ಕೊಡೆಯನ್ನು ಬಿಡುವುದು ಸುಲಭ, ಅಲ್ಲಿ ಬಿಡಲು ಏನೂ ಇಲ್ಲ. ಕಷ್ಟ ಅರ್ಧ ಬಿಚ್ಚಿದ ಕೊಡೆಯದು. ಅದು ಸ್ವಲ್ಪ ಹಿಡಿದಿರುತ್ತದೆ. ಸ್ವಲ್ಪ ನಿಧಾನವಾಗಿದೆ ಎಂಬ ಧೈರ್ಯ ಕೊಡುತ್ತದೆ. ಅದನ್ನು ಕಳಚಿದರೆ ಮತ್ತೆ ಬರಿಯ ಬೀಳುವಿಕೆ. ಬೇರೊಬ್ಬರು ತಿಂಗಳುಗಳ ಹಿಂದೆ ಮಡಚಿಟ್ಟ, ತಾನು ಕಣ್ಣಿಂದ ನೋಡದ ಮೀಸಲು ಕೊಡೆಯನ್ನು ನಂಬಿ ಕೈಯಲ್ಲಿರುವುದನ್ನು ಬಿಡಬೇಕು. ವಿಶ್ವಾಸ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಅರ್ಥ ನನಗೆ ಹೊಳೆಯುವುದಿಲ್ಲ. ಕಣ್ಣುಮುಚ್ಚಿ ಹಾರುವುದಕ್ಕೆ ನಾವು ವಿಶ್ವಾಸ ಎನ್ನಬಾರದು. ಯಾರೋ ನಿಷ್ಠೆಯಿಂದ ಮಾಡಿಟ್ಟ ಕೆಲಸದ ಮೇಲೆ, ಕಾರಣ ತಿಳಿದು, ಭಾರ ಹಾಕುವುದು ವಿಶ್ವಾಸ.

ಆದರೆ ಒಂದು ಮಾತನ್ನು ಇಲ್ಲಿ ಸೇರಿಸದಿದ್ದರೆ ತಪ್ಪರ್ಥವಾದೀತು. ಕಷ್ಟ ಬಂದದ್ದನ್ನೆಲ್ಲ ಕಳಚಿಬಿಡಿ ಎನ್ನುವುದು ಈ ಕಾಲದ ಉಪದೇಶ. ಓದು ಕಷ್ಟ, ಬಿಡು. ವಯಸ್ಸಾದ ತಂದೆ ತಾಯಿ ಭಾರ, ಬಿಡು. ಮದುವೆಯಲ್ಲಿ ಮಾತಿಗೆ ಮಾತು ಬಂತು, ಬಿಡು. ಬೋಧಕ ಹಾಗೆ ಮಾಡುವುದಿಲ್ಲ. ಹುರಿಗೊಂಡ ಹಗ್ಗವನ್ನು ಬಿಡಿಸಲು ಮೊದಲು ಪ್ರಯತ್ನಿಸುತ್ತಾನೆ. ಕಳಚಲೇಬೇಕಾಗಿ ಬಂದಾಗಲೂ ಅವನು ಕಳಚುವುದು ಬಟ್ಟೆಯನ್ನು. ಎದೆಗೆ ಕಟ್ಟಿಕೊಂಡ ಮನುಷ್ಯನನ್ನು ಎಂದೂ ಕಳಚುವುದಿಲ್ಲ. ನಾವು ಬಿಡಬೇಕಾದದ್ದು ನಮ್ಮನ್ನೂ ನಮ್ಮವರನ್ನೂ ಕೆಳಗೆಳೆಯುವ ವಸ್ತುವನ್ನು, ಚಟವನ್ನು, ಹಠವನ್ನು, ಸುಳ್ಳು ಮರ್ಯಾದೆಯನ್ನು. ನಮಗೆ ಒಪ್ಪಿಸಲ್ಪಟ್ಟ ಮನುಷ್ಯರನ್ನಲ್ಲ.

ಪ್ರೇಷಿತರ ಕಾರ್ಯಕಲಾಪಗಳ 27ನೆಯ ಅಧ್ಯಾಯವನ್ನು ಒಮ್ಮೆ ಮನೆಯಲ್ಲಿ ಎಲ್ಲರೂ ಕೂತು ಓದಿ. ಸಂತ ಪೌಲರು ಕೈದಿಯಾಗಿ ರೋಮಿಗೆ ಹೋಗುವ ಹಡಗು ಬಿರುಗಾಳಿಗೆ ಸಿಕ್ಕಿದೆ. ಅದರಲ್ಲಿ 276 ಮಂದಿ. ಮೊದಲು ಸರಕನ್ನು ಸಮುದ್ರಕ್ಕೆ ಎಸೆಯುತ್ತಾರೆ, ಆಮೇಲೆ ಹಡಗಿನ ಉಪಕರಣಗಳನ್ನು, ಕೊನೆಗೆ ಗೋಧಿಯನ್ನು. ಬಿಡಬೇಕಾದದ್ದನ್ನು ಬಿಡುತ್ತಾರೆ. ನಡುವೆ ಒಂದು ರಾತ್ರಿ ನಾವಿಕರು ಲಂಗರು ಇಳಿಸುವ ನೆಪದಲ್ಲಿ ಸಣ್ಣ ದೋಣಿಯನ್ನು ನೀರಿಗಿಳಿಸಿ ತಾವಷ್ಟೇ ಪಾರಾಗಲು ನೋಡುತ್ತಾರೆ. ಹಡಗು ನಡೆಸಲು ಬಲ್ಲವರು ಅವರೊಬ್ಬರೇ. ಪೌಲರು ಅದನ್ನು ಕಂಡು ಶತಾಧಿಪತಿಗೆ ಎಚ್ಚರಿಕೆ ಕೊಡುತ್ತಾರೆ, ಇವರು ಹಡಗಿನಲ್ಲಿ ಉಳಿಯದಿದ್ದರೆ ಉಳಿದವರಿಗೆ ರಕ್ಷಣೆಯಿಲ್ಲ ಎಂದು. ಸೈನಿಕರು ದೋಣಿಯ ಹಗ್ಗ ಕಡಿದು ಅದನ್ನು ಸಮುದ್ರದ ಪಾಲು ಮಾಡುತ್ತಾರೆ. ಬಲ್ಲವನು ಬಲ್ಲದವರನ್ನು ಬಿಟ್ಟು ತಪ್ಪಿಸಿಕೊಳ್ಳುವ ದಾರಿಯೇ ಇಲ್ಲವಾಗುತ್ತದೆ. ಕೊನೆಗೆ ಹಡಗು ಒಡೆದರೂ ಎಲ್ಲರೂ ದಡ ಸೇರುತ್ತಾರೆ. ಟ್ಯಾಂಡೆಮ್ ಪಟ್ಟಿಯ ನೀತಿಯೂ ಇದೇ. ಬೋಧಕನಿಗೆ ತನ್ನೊಬ್ಬನದೇ ಎಂಬ ದೋಣಿ ಇಲ್ಲ.

ಅರ್ಥವಾಗುವ ಭಾಷೆಯಲ್ಲಿ ಒಪ್ಪಿಗೆ

ಅಮೆರಿಕದ ನಿಯಮದಲ್ಲಿ ಇನ್ನೊಂದು ಅಂಶವಿದೆ. ವಿಮಾನ ಹತ್ತುವ ಮೊದಲೇ ಬೋಧಕ ಪ್ರಯಾಣಿಕನಿಗೆ ಎಲ್ಲವನ್ನೂ ವಿವರಿಸಬೇಕು, ತುರ್ತು ಸಂದರ್ಭದಲ್ಲಿ ಏನು ಮಾಡಬೇಕೆಂಬುದನ್ನೂ ಸೇರಿಸಿ. ಇದು ನ್ಯಾಯವಾದದ್ದು. ಆಕಾಶದಲ್ಲಿ ಕೊಡೆ ತೊಡಕಾದಾಗ ವಿವರಣೆಗೆ ಸಮಯವಿಲ್ಲ. ಆಗ ಪ್ರಯಾಣಿಕನ ಕರ್ತವ್ಯ ಒಂದೇ: ಭಯದಿಂದ ಬೋಧಕನ ಕೈ ಹಿಡಿಯದೆ, ಕಂಡ ಹಿಡಿಗಳನ್ನು ಎಳೆಯದೆ, ಹೇಳಿದಂತೆ ಮೈಯನ್ನು ಇಟ್ಟುಕೊಳ್ಳುವುದು. ಆದರೆ ಅಂಥ ವಿಧೇಯತೆಯನ್ನು ಮೇಲೆ ಕೇಳುವ ಹಕ್ಕು ಬರುವುದು ಕೆಳಗೆ ಸತ್ಯ ಹೇಳಿದವನಿಗೆ ಮಾತ್ರ. ಏನೂ ಆಗುವುದಿಲ್ಲ, ಸುಮ್ಮನೆ ಬನ್ನಿ ಎಂದು ನಗಿಸಿ ಕರೆದೊಯ್ದವನಿಗೆ ಆ ಹಕ್ಕಿಲ್ಲ.

ಈ ಮಾತು ನಮಗೆ ಬೇರೆಯವರಿಗಿಂತ ಬೇಗ ಅರ್ಥವಾಗಬೇಕು. ಕಾಸರಗೋಡಿನ ಕನ್ನಡಿಗರಾದ ನಾವು ಓದಲು ಬಾರದ ಕಾಗದಕ್ಕೆ ಸಹಿ ಹಾಕುವುದರಲ್ಲಿ ಪಳಗಿದವರು. ಒಂದು ಕಚೇರಿಯಲ್ಲಿ ಮಲಯಾಳದ ಅರ್ಜಿ, ಇನ್ನೊಂದು ಕಡೆ ಇಂಗ್ಲಿಷಿನ ಕರಾರು. ಮನೆಯಲ್ಲಿ ಕೊಂಕಣಿ ಅಥವಾ ತುಳು, ಶಾಲೆಯಲ್ಲಿ ಕನ್ನಡ. “ಇಲ್ಲಿ ಒಂದು ಸಹಿ ಹಾಕಿ ಅಮ್ಮಾ” ಎಂದರೆ ನಮ್ಮ ಹಿರಿಯರು ಬೆರಳು ತೋರಿಸಿದಲ್ಲಿ ಹಾಕುತ್ತಾರೆ. ಸಾಹಸ ಕ್ರೀಡೆಯ ಕಾಗದದಲ್ಲಿ ಇರುವುದು, ನನಗೆ ಸಾವು ಬಂದರೂ ನಾನೇ ಹೊಣೆ ಎಂಬ ಮಾತು. ಆಸ್ಪತ್ರೆಯ ಒಪ್ಪಿಗೆಪತ್ರದಲ್ಲೂ ಸಾಲದ ಕರಾರಿನಲ್ಲೂ ಅಂಥದೇ ತೂಕದ ಮಾತುಗಳಿರುತ್ತವೆ. ಅರ್ಥವಾಗದ ಭಾಷೆಯಲ್ಲಿ ಪಡೆದ ಒಪ್ಪಿಗೆ ಕಾನೂನಿಗೆ ಸಾಕಾದೀತು, ಮನಸ್ಸಾಕ್ಷಿಗೆ ಸಾಲದು. ಧರ್ಮಕೇಂದ್ರದಿಂದ ಮಕ್ಕಳನ್ನು ಪ್ರವಾಸಕ್ಕೋ ಶಿಬಿರಕ್ಕೋ ಕರೆದೊಯ್ಯುವಾಗ ತಂದೆ ತಾಯಿಗೆ ಕೊಡುವ ಕಾಗದ ಕನ್ನಡದಲ್ಲಿರಬೇಕು, ಅಪಾಯವೇನಿದ್ದರೂ ಅದರಲ್ಲಿ ಬರೆದಿರಬೇಕು, ಓದಲಾರದವರಿಗೆ ಓದಿ ಹೇಳಬೇಕು. ಯುವಜನರ ಹೊಣೆ ಹೊತ್ತವರಿಗೆ ಇದು ಕನಿಷ್ಠ ಕರ್ತವ್ಯ.

ಎಲ್ಲ ಮಾಡಿದ ಮೇಲೂ

ಎಲ್ಲ ಎಚ್ಚರಿಕೆಯ ಮೇಲೂ ಸಾವು ಬರುವುದುಂಟು. 2025ರ ಫೆಬ್ರವರಿ 7ರಂದು ಆಗ್ರಾದಲ್ಲಿ ವಾಯುಪಡೆಯ ತರಬೇತಿ ಹಾರಾಟದ ವೇಳೆ ಪ್ಯಾರಾಚೂಟ್ ತೆರೆಯದೆ ವಾರಂಟ್ ಆಫೀಸರ್ ಮಂಜುನಾಥ್ ಅವರು ಮೃತಪಟ್ಟರು. ಅವರು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲೂಕಿನವರು. ಇತರರಿಗೆ ಹಾರಲು ಕಲಿಸುತ್ತಿದ್ದವರು. 2020ರ ಅಕ್ಟೋಬರಿನಲ್ಲಿ ಕಾರವಾರದ ಕಡಲತೀರದಲ್ಲಿ ಇಬ್ಬರಿದ್ದ ಪ್ಯಾರಾಮೋಟಾರ್ ಸಮುದ್ರಕ್ಕೆ ಬಿದ್ದು ನೌಕಾಪಡೆಯ ಅಧಿಕಾರಿಯೊಬ್ಬರು ತೀರಿಕೊಂಡರು. ಜೊತೆಗಿದ್ದ ಬೋಧಕ ಬದುಕಿ ಉಳಿದರು. ನಮ್ಮದೇ ಕೇರಳದ ವರ್ಕಲದಲ್ಲಿ 2023ರ ಮಾರ್ಚ್ 7ರಂದು ಇಬ್ಬರಿದ್ದ ಪ್ಯಾರಾಗ್ಲೈಡರ್ ಒಂದು ಎತ್ತರದ ದೀಪಸ್ತಂಭಕ್ಕೆ ಸಿಕ್ಕಿಕೊಂಡು, ಬೋಧಕನೂ ಪ್ರವಾಸಿ ಮಹಿಳೆಯೂ ಬಹಳ ಹೊತ್ತು ಮೇಲೆಯೇ ನೇತಾಡಿದ್ದನ್ನು ಟಿವಿಯಲ್ಲಿ ಕಂಡಿದ್ದೇವೆ. ಅದೃಷ್ಟಕ್ಕೆ ಇಬ್ಬರೂ ಉಳಿದರು.

ಇಂಥ ಸುದ್ದಿ ಬಂದಾಗ ನಮ್ಮ ಬಾಯಿಗೆ ಎರಡು ಮಾತು ಬೇಗ ಬರುತ್ತವೆ. ಒಂದು, “ಅವನದೇ ತಪ್ಪು.” ಇನ್ನೊಂದು, “ದೇವರ ಚಿತ್ತ.” ಎರಡೂ ನಮ್ಮನ್ನು ಯೋಚಿಸುವ ಕಷ್ಟದಿಂದ ಪಾರು ಮಾಡುತ್ತವೆ. ತಿಳಿಯದೆ ತಪ್ಪು ಹೊರಿಸುವುದು ಸತ್ತವರಿಗೆ ಅನ್ಯಾಯ. ತಪ್ಪಿದ್ದರೂ ದೇವರ ಚಿತ್ತ ಎಂದು ಮುಚ್ಚುವುದು ಮುಂದೆ ಹಾರುವವರಿಗೆ ಅನ್ಯಾಯ. ಈ ಕ್ರೀಡೆಯವರು ಪ್ರತಿ ಅಪಘಾತದ ನಂತರ ಕೊಡೆಯನ್ನು ನೆಲದ ಮೇಲೆ ಹರಡಿ ಹಗ್ಗ ಹಗ್ಗವಾಗಿ ನೋಡುತ್ತಾರೆ, ಏನಾಯಿತೆಂದು ಬರೆದು ಎಲ್ಲರಿಗೂ ಹಂಚುತ್ತಾರೆ. ಸತ್ತವರನ್ನು ಗೌರವಿಸುವ ರೀತಿಗಳಲ್ಲಿ ಇದೂ ಒಂದು. ನಾವು ಮೃತರಿಗಾಗಿ ಬಲಿಪೂಜೆ ಅರ್ಪಿಸೋಣ, ಜೊತೆಗೆ ಏಕೆ ಹೀಗಾಯಿತೆಂದೂ ಕೇಳೋಣ.

ನಮ್ಮ ತೋಟದ ಮರದ ಮೇಲೆ

ಇಷ್ಟು ಬರೆದ ಮೇಲೆ ದುಬೈಯ ಆಕಾಶದಿಂದ ನಮ್ಮ ತೋಟಕ್ಕೆ ಇಳಿಯಲೇಬೇಕು. ಮಂಜೇಶ್ವರದಿಂದ ಬೇಳ, ಕಯ್ಯಾರುವರೆಗೆ ನಮ್ಮ ಅನೇಕ ಕುಟುಂಬಗಳು ಬದುಕುವುದು ಅಡಿಕೆಯಿಂದ, ತೆಂಗಿನಿಂದ. ಕೊಳೆರೋಗ ಬಾರದಿರಲು ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಸಿಂಪಡಿಸಬೇಕು. ಮರ ಒದ್ದೆ, ಪಾಚಿ ಹಿಡಿದು ಜಾರುತ್ತಿರುತ್ತದೆ. ಆ ಮರವನ್ನು ಒಬ್ಬ ಮನುಷ್ಯ ಕಾಲಿಗೆ ತಳೆ ಹಾಕಿಕೊಂಡು ಏರುತ್ತಾನೆ. ಕೊಯ್ಲಿನ ಕಾಲದಲ್ಲಿ ನೆಲಕ್ಕಿಳಿಯದೆ ಒಂದು ಮರದಿಂದ ಇನ್ನೊಂದಕ್ಕೆ ಬಾಗಿ ದಾಟುತ್ತಾನೆ. ಅವನ ಬೆನ್ನಿಗೆ ಮುಖ್ಯ ಕೊಡೆಯೂ ಇಲ್ಲ, ಮೀಸಲು ಕೊಡೆಯೂ ಇಲ್ಲ. ಅನೇಕ ಕಡೆ ಸೊಂಟಕ್ಕೊಂದು ಹಗ್ಗವೂ ಇಲ್ಲ.

ಸಂತೋಷಕ್ಕಾಗಿ ಹಾರುವ ಒಬ್ಬನಿಗೆ ಎರಡು ಕೊಡೆ, ಮೂರು ಉಂಗುರ, ತಾನಾಗಿ ಕೆಲಸ ಮಾಡುವ ಪೆಟ್ಟಿಗೆ, 500 ಬಾರಿ ಹಾರಿದ ಗುರು ಬೇಕು ಎಂದು ಜಗತ್ತು ನಿಯಮ ಮಾಡಿದೆ. ಅದು ಸರಿಯೇ. ಹಾಗಾದರೆ ಅನ್ನಕ್ಕಾಗಿ, ಅದೂ ನಮ್ಮ ಅನ್ನಕ್ಕಾಗಿ, ಏರುವವನಿಗೆ ನಾವೇನು ಕೊಟ್ಟಿದ್ದೇವೆ? ಸಾಹಸಕ್ಕೆ ಹೋಗುವ ಮಗನಿಗಾಗಿ ನಿದ್ದೆಗೆಡುವ ನಾವು, ಕೂಲಿಗೆ ಬಂದವನು ಜಾರುವ ಮರದ ಮೇಲಿರುವಾಗ ಚಾವಡಿಯಲ್ಲಿ ಕೂತು ಚಹಾ ಕುಡಿಯಬಲ್ಲೆವು. ಅವನನ್ನು ಯಾವ ಪಟ್ಟಿಯೂ ನಮ್ಮ ಎದೆಗೆ ಸಿಕ್ಕಿಸಿಲ್ಲ. ಆದರೂ ಅವನನ್ನು ಮರಕ್ಕೆ ಏರಿಸಿದವರು ನಾವು. ನಿಜವಾದ ಟ್ಯಾಂಡೆಮ್ ಅದು, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ.

ದಾರಿಗಳಿಲ್ಲದಿಲ್ಲ. ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ‘ತೆಂಗಿನ ಮರದ ಗೆಳೆಯರು’ ಎಂಬ ಹೆಸರಿನಲ್ಲಿ ಯಂತ್ರದಿಂದ ಮರ ಏರುವ ತರಬೇತಿ ಕೊಡುತ್ತಾ ಬಂದಿದೆ. ಮರ ಏರುವವರಿಗೆ ‘ಕೇರ ಸುರಕ್ಷಾ’ ಎಂಬ ವಿಮೆಯಿದೆ. ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ ನಮ್ಮ ಕಾಸರಗೋಡಿನಲ್ಲೇ ಇದೆ. ನೆಲದಿಂದಲೇ ಕೊಯ್ಯುವ ಉದ್ದದ ದೋಟಿಗಳು ಬಂದಿವೆ. ಸೊಂಟಪಟ್ಟಿ, ಹಗ್ಗ ಊರ ಅಂಗಡಿಗಳಲ್ಲಿ ಸಿಗುತ್ತವೆ.

ನಮ್ಮ ಯುವಜನರ ಮುಂದೆ ಈ ವರ್ಷಕ್ಕೆ ಮೂರು ಕೆಲಸಗಳನ್ನು ಇಡುತ್ತೇನೆ. ಒಂದು, ಪ್ರತಿ ವಾರ್ಡಿನಲ್ಲಿ ಮರ ಏರಿ ಬದುಕುವವರು ಯಾರಿದ್ದಾರೆಂದು, ಅವರು ಯಾವ ಧರ್ಮದವರೇ ಆಗಲಿ, ಪಟ್ಟಿ ಮಾಡಿ, ವಿಮೆ ಇಲ್ಲದವರಿಗೆ ಅರ್ಜಿ ತುಂಬಿಕೊಡುವುದು, ಅದರಲ್ಲಿ ಬರೆದಿರುವುದನ್ನು ಅವರ ಭಾಷೆಯಲ್ಲಿ ಓದಿ ಹೇಳುವುದು. ಎರಡು, ಮಳೆಗೆ ಮೊದಲು ಕೆಲವು ಸೊಂಟಪಟ್ಟಿಗಳನ್ನು ಕೊಂಡು ಧರ್ಮಕೇಂದ್ರದಲ್ಲಿಟ್ಟು, ಬೇಕಾದವರಿಗೆ ಬಳಸಲು ಕೊಡುವುದು. ಮೂರು, ನಮ್ಮ ನಮ್ಮ ತೋಟದಲ್ಲಿ ಗಾಳಿಮಳೆ ಇರುವಾಗ ಯಾರನ್ನೂ ಮರ ಏರಿಸುವುದಿಲ್ಲ ಎಂದು ಈಗಲೇ ನಿರ್ಧರಿಸುವುದು. ಕೊಳೆ ಕಾಣಿಸಿಕೊಂಡು ಅಡಿಕೆ ಉದುರುವ ದಿನ ಆ ನಿರ್ಧಾರ ಮಾಡಲು ಹೊರಟರೆ ಮನಸ್ಸು ಕೇಳದು.

ಹಾರಲು ಆಸೆಯಿರುವವರು ಹಾರಲಿ. ಮೊದಲು ಮನೆಯವರಿಗೆ ತಿಳಿಸಿ, ಬೋಧಕನ ಅನುಭವ ಎಷ್ಟೆಂದು ಕೇಳಿ, ಮೀಸಲು ಕೊಡೆಯನ್ನು ಕೊನೆಯ ಬಾರಿ ಮಡಚಿದ್ದು ಯಾವಾಗ ಎಂದು ಕೇಳಿ, ಕಾಗದ ಓದಿ ಸಹಿ ಹಾಕಲಿ. ಕೇಳಿದ್ದಕ್ಕೆ ಸಿಟ್ಟಾಗುವ ಬೋಧಕನ ಜೊತೆ ಹಾರುವುದು ಬೇಡ. ಅದಕ್ಕೆ ಮೊದಲು ಈ ಮಳೆಗಾಲದಲ್ಲಿ ನಮ್ಮ ಅಂಗಳಕ್ಕೆ ಬಂದು ನಿಲ್ಲುವ ಮನುಷ್ಯನ ಸೊಂಟಕ್ಕೆ ಹಗ್ಗವಿದೆಯೇ ಎಂದು ನೋಡೋಣ. ಪಟ್ಟಿಗಳ ಖರ್ಚಿಗೆ ಕೈಜೋಡಿಸುವವರು ಮುಂದಿನ ಭಾನುವಾರ ಬಲಿಪೂಜೆಯ ನಂತರ ಯುವಜನರ ಬಳಿ ಹೆಸರು ಬರೆಸಿರಿ.